ಅನಾಪೊಲಿಸ್‌ನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಹತ್ತು ದಿನವಾಯಿತು. "ಅಮೆರಿಕದ ಸೇನಾಪತಿ ವಾಷಿಂಗ್ಟನ್ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧ ಗೆದ್ದು ಮನೆಗೆ ಹೋದ. ಸೇವೆ ಮುಗಿದ ಮೇಲೆ ನಾನೂ ಟ್ರಂಕು ಹೊತ್ತುಕೊಂಡು ಊರಿಗೆ ಬಂದೆ. ಅದರಲ್ಲೇನು ಅಂಥ ದೊಡ್ಡತನ?" ಎಂದು ಕೇಳಿದ್ದೀಯ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊನ್ನೆ ಮಗಳ ಮನೆಯಿಂದ ಮತ್ತೊಮ್ಮೆ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನಾಪೊಲಿಸ್‌ಗೆ ಹೋಗಿ, ಅವನು ಅಧಿಕಾರ ಬಿಟ್ಟುಕೊಟ್ಟ ಕೋಣೆಯಲ್ಲಿ ನಿಂತು ಬಂದೆ. ಅದಾದ ಮೇಲೆಯೇ ಬರೆಯಲು ಕುಳಿತೆ.

ನಿನಗೆ ಇದನ್ನು ಸಂಬಳದಿಂದಲೇ ಶುರು ಮಾಡಿ ಹೇಳಬೇಕು. ನಿನ್ನ ಪಿಂಚಣಿಯ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಿಂಗಳುಗಟ್ಟಲೆ ಹಿಡಿದಾಗ ನೀನು ಎಷ್ಟು ಕುದ್ದುಹೋಗಿದ್ದೆ ಎಂಬುದು ನನಗೆ ಗೊತ್ತು. 1783ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿದ್ದ ವಾಷಿಂಗ್ಟನ್‌ನ ಶಿಬಿರದಲ್ಲಿ ಇಡೀ ಒಂದು ಸೈನ್ಯದ ಅಧಿಕಾರಿಗಳು ಹಾಗೆ ಕುದಿಯುತ್ತಿದ್ದರು. ಬ್ರಿಟಿಷ್ ಸೈನ್ಯ ಶರಣಾದ ಯಾರ್ಕ್‌ಟೌನ್‌ನ ಗೆಲುವಾಗಿ ವರ್ಷ ಕಳೆದಿತ್ತು, ಶಾಂತಿಯ ಸುದ್ದಿ ಇಂದೋ ನಾಳೆಯೋ ಬರುವಂತಿತ್ತು. ಆದರೆ ಸಂಬಳ ಬಾಕಿ. ನಿವೃತ್ತಿಯ ನಂತರ ಬದುಕಿರುವವರೆಗೂ ಅರ್ಧ ಸಂಬಳ ಕೊಡುತ್ತೇವೆಂದು 1780ರಲ್ಲಿ ಕೊಟ್ಟ ಮಾತಿಗೂ ದಿಕ್ಕಿರಲಿಲ್ಲ. ದೇಶ ನಡೆಸುತ್ತಿದ್ದ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. 13 ರಾಜ್ಯಗಳ ಮುಂದೆ ಕೈಚಾಚಿ ನಿಲ್ಲಬೇಕು. ಆಮದು ಸುಂಕವನ್ನಾದರೂ ವಸೂಲಿ ಮಾಡೋಣವೆಂದರೆ ರೋಡ್ ಐಲೆಂಡ್ ಎಂಬ ಅಂಗೈಯಗಲದ ರಾಜ್ಯ ಒಪ್ಪಲಿಲ್ಲ.

ಆಗ ಶಿಬಿರದಲ್ಲಿ ಹೆಸರಿಲ್ಲದ ಪತ್ರವೊಂದು ಕೈಯಿಂದ ಕೈಗೆ ಹರಿದಾಡಿತು. ಶಾಂತಿ ಬಂದರೆ ನಮ್ಮ ಹಣ ಸಿಗುವವರೆಗೆ ಆಯುಧ ಕೆಳಗಿಡುವುದು ಬೇಡ. ಯುದ್ಧ ಮುಂದುವರಿದರೆ ದೇಶವನ್ನು ಅದರ ಪಾಡಿಗೆ ಬಿಟ್ಟು ಕಾಡಿನ ಕಡೆಗೆ ಹೋಗಿಬಿಡೋಣ ಎಂಬುದು ಅದರ ಮಾತು. ಬಂದೂಕು ಹಿಡಿದವನು ಬರಿಗೈಯ ಸರ್ಕಾರಕ್ಕೆ ಹೀಗೆ ಹೇಳಿದರೆ ಮುಂದೇನಾಗುತ್ತದೆ ಎಂಬುದನ್ನು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಚ್ 15, ಶನಿವಾರ. ಅಧಿಕಾರಿಗಳೆಲ್ಲ ಸೇರಿದ್ದಾರೆ, ಜನರಲ್ ಗೇಟ್ಸ್ ಅಧ್ಯಕ್ಷತೆ ವಹಿಸಿದ್ದಾನೆ. ವಾಷಿಂಗ್ಟನ್ ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವನು ಬಂದ. ಬರೆದುಕೊಂಡು ಬಂದಿದ್ದ ಭಾಷಣವನ್ನು ಓದಿದ. ಕೇಳುವವರ ಮುಖ ಸಡಿಲವಾಗಲಿಲ್ಲ. ಆಮೇಲೆ ಕಾಂಗ್ರೆಸ್ ಸದಸ್ಯನೊಬ್ಬ ತನಗೆ ಬರೆದಿದ್ದ ಪತ್ರವನ್ನು ಜೇಬಿನಿಂದ ತೆಗೆದು ಓದಲು ಹೋದರೆ ಅಕ್ಷರ ಕಾಣಿಸಲಿಲ್ಲ. ತಡಕಾಡಿ ಕನ್ನಡಕ ಹೊರತೆಗೆದ. ಅವನು ಕನ್ನಡಕ ಹಾಕುವುದನ್ನು ಅಲ್ಲಿದ್ದ ಹೆಚ್ಚಿನವರು ಅದುವರೆಗೆ ನೋಡಿರಲಿಲ್ಲ. ಕ್ಷಮಿಸಿ, ನಿಮ್ಮ ಜೊತೆ ಸೇವೆ ಮಾಡುತ್ತಲೇ ನನ್ನ ಕೂದಲು ನರೆಯಿತು, ಈಗ ಕಣ್ಣೂ ಮಂದವಾಗುತ್ತಿದೆ ಎಂಬ ಅರ್ಥದ ಮಾತೊಂದನ್ನು ಆಡಿದ. ಎಂಟು ವರ್ಷ ಚಳಿಗೂ ಹಸಿವಿಗೂ ಜಗ್ಗದೆ ನಿಂತ ಗಂಡಸರು ಕಣ್ಣೊರೆಸಿಕೊಂಡರು. ಅವನು ಹೊರಗೆ ಹೋದ ಮೇಲೆ ಸಭೆ ಕಾಂಗ್ರೆಸ್ಸಿನ ಮೇಲೆ ನಂಬಿಕೆಯಿಟ್ಟು ನಿರ್ಣಯ ಮಾಡಿತು.

ಆ ನಂಬಿಕೆಯ ಬೆಲೆ ತೆತ್ತವರು ಸಿಪಾಯಿಗಳು. ಇದನ್ನು ನಿನ್ನಿಂದ ಮುಚ್ಚಿಡಲಾರೆ. ಜೂನ್‌ನಲ್ಲಿ ಅವರನ್ನು ರಜೆಯ ಹೆಸರಿನಲ್ಲಿ ಮನೆಗೆ ಕಳುಹಿಸಿದರು. ಕೊಡುತ್ತೇವೆಂದದ್ದು ಮೂರು ತಿಂಗಳ ಸಂಬಳದ ಚೀಟಿ. ಎಷ್ಟೋ ಜನ ಅದೂ ಕೈಗೆ ಬರುವ ಮೊದಲೇ ಊರ ದಾರಿ ಹಿಡಿದರು. ಅಧಿಕಾರಿಗಳಿಗೆ ಅರ್ಧ ಸಂಬಳದ ಬದಲು ಐದು ವರ್ಷದ ಪೂರ್ಣ ಸಂಬಳವೆಂದು ಸಾಲಪತ್ರ ಸಿಕ್ಕಿತು, ಅದನ್ನು ಬಹಳ ಮಂದಿ ಹೊಟ್ಟೆಪಾಡಿಗಾಗಿ ಸಿಕ್ಕ ಬೆಲೆಗೆ ಮಾರಿಕೊಂಡರು. ಈ ಸಂಕಟ ವಾಷಿಂಗ್ಟನ್‌ಗೆ ಚೆನ್ನಾಗಿ ತಿಳಿದಿತ್ತು. ಡಿಸೆಂಬರ್ ತಿಂಗಳಲ್ಲಿ ಅಧಿಕಾರ ಬಿಟ್ಟುಕೊಡುವಾಗ ಅವನ ಕೈ ನಡುಗಿದ್ದನ್ನು ನಾನು ಇದರ ಜೊತೆಗೆ ಸೇರಿಸಿಯೇ ನೋಡುತ್ತೇನೆ.

ಮಧ್ಯೆ ಒಂದು ಮಾತು, ನಮ್ಮ ಊರಿನ ಕಡೆಯದು. ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶರಣಾಗತಿಯ ದಿನ ಮೈಗೆ ಸರಿಯಿಲ್ಲವೆಂದು ಹೇಳಿ ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳುಹಿಸಿದ. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಹೊರಗೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದುಕೊಂಡ. ಇನ್ನೊಂದು ಸಂಗತಿ ನಿನಗೆ ಗೊತ್ತಿರಲಾರದು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಎಂಬ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ಹೈದರ್ ಅಲಿ. ಹೌದು, ನಮ್ಮ ಹೈದರನೇ. ಅದರ ಕಪ್ತಾನ ಜೋಶುವ ಬಾರ್ನಿ ಈ ಮೇರಿಲ್ಯಾಂಡಿನವನು.

ಅನಾಪೊಲಿಸ್‌ನ ಕೋಣೆಗೆ ಬರುತ್ತೇನೆ. ಮೇರಿಲ್ಯಾಂಡ್ ಶಾಸನಸಭೆಯ ಕಟ್ಟಡದ ಹಳೆಯ ಸೆನೆಟ್ ಕೋಣೆ ಅದು. ನಾನು ಕಲ್ಪಿಸಿಕೊಂಡಿದ್ದಕ್ಕಿಂತ ಎಷ್ಟೋ ಚಿಕ್ಕದು. 1783ರ ಡಿಸೆಂಬರ್ 23ರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಕುಳಿತಿದ್ದ ಕಾಂಗ್ರೆಸ್ ಸದಸ್ಯರು ಇಪ್ಪತ್ತರಷ್ಟು ಜನ. ಏಳು ರಾಜ್ಯಗಳವರು ಮಾತ್ರ ಬಂದಿದ್ದರು. ಬ್ರಿಟನ್ನಿನ ಜೊತೆಗಿನ ಶಾಂತಿ ಒಪ್ಪಂದವನ್ನು ಅಂಗೀಕರಿಸಲು ಒಂಬತ್ತು ರಾಜ್ಯಗಳಾದರೂ ಬೇಕಿತ್ತು, ಅಷ್ಟೂ ಕೂಡಿರಲಿಲ್ಲ. ಬೇಸಿಗೆಯಲ್ಲಿ ಸಂಬಳ ಕೇಳಿ ಮುತ್ತಿಗೆ ಹಾಕಿದ ಸಿಪಾಯಿಗಳಿಗೆ ಹೆದರಿ ಫಿಲಡೆಲ್ಫಿಯಾ ಬಿಟ್ಟು, ಪ್ರಿನ್ಸ್‌ಟನ್ ಸುತ್ತಿ ಇಲ್ಲಿಗೆ ಬಂದ ಕಾಂಗ್ರೆಸ್ ಇದು. ಅದರ ಅಧ್ಯಕ್ಷ ಥಾಮಸ್ ಮಿಫ್ಲಿನ್, ಹಿಂದೊಮ್ಮೆ ವಾಷಿಂಗ್ಟನ್‌ನ ವಿರೋಧಿಗಳ ಗುಂಪಿನಲ್ಲಿದ್ದವನು.

ಸಮಾರಂಭ ಹೇಗೆ ನಡೆಯಬೇಕೆಂಬ ಕ್ರಮವನ್ನು ಜೆಫರ್ಸನ್ ಮತ್ತು ಇನ್ನಿಬ್ಬರು ಸದಸ್ಯರು ಮೊದಲೇ ಬರೆದಿಟ್ಟಿದ್ದರು. ಸದಸ್ಯರು ಟೋಪಿ ಧರಿಸಿಯೇ ಕುಳಿತಿರಬೇಕು. ಸೇನಾಪತಿ ಎದ್ದು ನಿಂತು ತಲೆಬಾಗಬೇಕು. ಅವರು ಟೋಪಿ ಎತ್ತಬಹುದು, ಆದರೆ ತಲೆಬಾಗಬಾರದು. ದೇಶವೆಲ್ಲ ಹೊತ್ತು ಮೆರೆಸುತ್ತಿದ್ದ ಆಳು ಆ ಇಪ್ಪತ್ತು ಜನರಿಗೆ ಬಾಗಿದ.

ಅಂದು ಸಭೆಯಲ್ಲಿದ್ದ ಜೇಮ್ಸ್ ಮೆಕ್‌ಹೆನ್ರಿ ಎಂಬ ಸದಸ್ಯ ತಾನು ಮದುವೆಯಾಗಲಿದ್ದ ಹುಡುಗಿಗೆ ಅದೇ ದಿನ ಪತ್ರ ಬರೆದ. ಅವನು ಬರೆದಂತೆ, ವಿದಾಯದ ಭಾಷಣ ಓದುವಾಗ ವಾಷಿಂಗ್ಟನ್‌ನ ಕೈಯಲ್ಲಿದ್ದ ಕಾಗದ ನಡುಗಿತು. ತನ್ನ ಜೊತೆಗಿದ್ದ ಅಧಿಕಾರಿಗಳನ್ನು ಕಾಂಗ್ರೆಸ್ ಕೈಬಿಡಬಾರದೆಂದು ಕೇಳುವ ಸಾಲು ಬಂದಾಗ ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ನೋಡುತ್ತಿದ್ದವರೆಲ್ಲ ಅತ್ತರು. ಆಮೇಲೆ ಎದೆಯ ಬಳಿಯಿಂದ 1775ರ ನೇಮಕಪತ್ರವನ್ನು ತೆಗೆದು ಅಧ್ಯಕ್ಷನ ಕೈಗಿತ್ತ. ಮರುದಿನ ಕ್ರಿಸ್‌ಮಸ್ ಹಿಂದಿನ ಸಂಜೆ ತನ್ನ ಮನೆ ಮೌಂಟ್ ವರ್ನನ್‌ನಲ್ಲಿದ್ದ.

ಆ ಮನೆಯನ್ನು ನಡೆಸುತ್ತಿದ್ದವರು ಗುಲಾಮರು ಎಂಬುದನ್ನೂ ಬರೆಯುತ್ತೇನೆ. ಯುದ್ಧದುದ್ದಕ್ಕೂ ಅವನ ಬೆನ್ನಿಗಿದ್ದ ವಿಲಿಯಂ ಲೀ ಕೂಡ ಗುಲಾಮನೇ. ಅವನಿಗೆ ಬಿಡುಗಡೆ ದೊರೆತದ್ದು ವಾಷಿಂಗ್ಟನ್ 1799ರಲ್ಲಿ ಸತ್ತ ಮೇಲೆ, ಉಯಿಲಿನ ಮೂಲಕ. ಇದು ನನ್ನ ಮನಸ್ಸಿನಲ್ಲಿ ಮುಳ್ಳಾಗಿಯೇ ಉಳಿದಿದೆ.

ನೀನು ಮನೆಗೆ ಬಂದಾಗ ನಿನ್ನನ್ನು ಕಳುಹಿಸಿದ ಒಂದು ಸರ್ಕಾರವಿತ್ತು, ಗೆಳೆಯಾ, ನಿನ್ನ ಜಾಗಕ್ಕೆ ಇನ್ನೊಬ್ಬ ಸಿದ್ಧನಿದ್ದ. ವಾಷಿಂಗ್ಟನ್‌ನನ್ನು ಹೋಗೆನ್ನುವ ಶಕ್ತಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಹಿಂದಿನ ವರ್ಷ ಕರ್ನಲ್ ನಿಕೋಲ ಎಂಬವನು ನೀನೇ ರಾಜನಾಗಬಹುದೆಂಬ ಧಾಟಿಯಲ್ಲಿ ಬರೆದಾಗ ಅದೇ ದಿನ ಗದರಿಸಿ ಉತ್ತರ ಕೊಟ್ಟವನು ಅವನು.

ಗುಮ್ಮಟದ ಕೆಳಗಿನ ಹಜಾರದಲ್ಲಿ, ಮಂದ ಬೆಳಕಿನ ಗಾಜಿನ ಪೆಟ್ಟಿಗೆಯೊಳಗೆ, ಅವನ ಕೈಬರಹದ ಆ ಭಾಷಣವನ್ನೇ ಇಟ್ಟಿದ್ದಾರೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದೆ. ವಿದಾಯ ಹೇಳುವ ಕಡೆ 'ಕೊನೆಯ' ಎಂಬರ್ಥದ ಪದವನ್ನು ಬರೆದು ಹೊಡೆದುಹಾಕಿದ್ದಾನೆ. ಸಾರ್ವಜನಿಕ ಹುದ್ದೆಗಳನ್ನು ಬಿಡುತ್ತೇನೆನ್ನುವ ಕಡೆಯೂ ಅಂಥದೇ ಇನ್ನೊಂದು ಪದಕ್ಕೆ ಗೀಟು. ಐದೂವರೆ ವರ್ಷದೊಳಗೆ, 1789ರಲ್ಲಿ, ಅವನನ್ನು ಅಧ್ಯಕ್ಷನಾಗಿ ಮತ್ತೆ ಕರೆದರು. ಆ ಗೀಟು ಎಳೆಯುವಾಗ ಅವನ ಮನಸ್ಸಿನಲ್ಲಿ ಏನಿತ್ತು ಅನ್ನುತ್ತೀಯ? ನೀನು ಸೇವೆಯಿಂದ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದ ದಿನ ನಿನಗೆ ಹೇಗಿತ್ತು ಎಂಬುದನ್ನು ನಾನು ಇಷ್ಟು ವರ್ಷ ಕೇಳಿಯೇ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನು ಬರೆ.

ನಿನ್ನ ಪ್ರೀತಿಯ
ಗೆಳೆಯ