ಹುಸೇನ್ ಅನ್ನೋ ಹೆಸರಿನ ಬಗ್ಗೆ: ಅಧ್ಯಕ್ಷ ಒಬಾಮ ಅವರಿಗೊಂದು ಬಹಿರಂಗ ಪತ್ರ

ಎಡಿಸನ್, ನ್ಯೂಜೆರ್ಸಿ
ಅಕ್ಟೋಬರ್ 27, 2010

ಮಾನ್ಯ ಅಧ್ಯಕ್ಷ ಒಬಾಮ ಅವರೇ,

ನಮಸ್ಕಾರ. ನೀವು ದಿನಾ ರಾತ್ರಿ ಜನ ಬರೆದ ಹತ್ತು ಪತ್ರ ಓದ್ತೀರಂತೆ. ಆ ಹತ್ತರಲ್ಲಿ ನನ್ನದು ಬರೋದು ಅಂದರೆ ಲಾಟರಿ ಹೊಡೆದ ಹಾಗೆ. ಅದಕ್ಕೇ ಇಂಗ್ಲಿಷಿನಲ್ಲಿ ಬರೆಯೋ ಕಷ್ಟ ಬೇಡ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಮ್ಮವರು ನಾಲ್ಕು ಜನ ಓದಲಿ.

ನನ್ನ ಅಜ್ಜನ ತಮ್ಮನ ಹೆಸರು ಹುಸೇನಪ್ಪ. ನಾವು ಮುಸ್ಲಿಮರಲ್ಲ. ರಾಯಚೂರು ಜಿಲ್ಲೆಯಲ್ಲಿ ಮುದಗಲ್ ಅಂತ ಕೋಟೆ ಇರೋ ಒಂದು ಊರಿದೆ, ಅದರ ಹತ್ತಿರದ ಹಳ್ಳಿ ನಮ್ಮದು. ಆ ಕಡೆ ಮೊಹರಂ ಅಂದರೆ ಎಲ್ಲರ ಹಬ್ಬ. ಮಕ್ಕಳಾಗದವರು, ಹುಟ್ಟಿದ ಮಕ್ಕಳು ಉಳಿಯದವರು ಮೊಹರಂನಲ್ಲಿ ಕೂರಿಸೋ ಅಲಾಯಿ ದೇವರಿಗೆ ಹರಕೆ ಹೊರುತ್ತಾರೆ. ಮಗು ಉಳಿದರೆ ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ ಅಂತ ಹೆಸರಿಡುತ್ತಾರೆ. ನಮ್ಮಜ್ಜನ ನಂತರ ಎರಡು ಕೂಸು ತೀರಿಕೊಂಡು, ಆಮೇಲೆ ಹರಕೆ ಹೊತ್ತು ಹುಟ್ಟಿದವನು ಸಣ್ಣಜ್ಜ. ಹಣೆ ತುಂಬ ವಿಭೂತಿ, ಹೆಸರು ಹುಸೇನಪ್ಪ. ಇದರಲ್ಲಿ ಏನೋ ವಿಶೇಷ ಇದೆ ಅಂತ ಊರಲ್ಲಿ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ನೀವು ಚುನಾವಣೆಗೆ ನಿಂತ ಮೇಲೆ ಅನಿಸೋಕೆ ಶುರುವಾಯಿತು. (ನಮ್ಮ ದೇಶದಲ್ಲಿ ಎಲ್ಲ ಚೆನ್ನಾಗಿದೆ ಅಂತ ಜಂಬ ಕೊಚ್ಚಿಕೊಳ್ತಿಲ್ಲ. ನಮ್ಮ ಜಗಳಗಳ ಪಟ್ಟಿ ಮಾಡಲು ಕೂತರೆ ಈ ಪತ್ರ ಮುಗಿಯಲ್ಲ.)

2008ರಲ್ಲಿ ನಾನು ಈ ದೇಶದಲ್ಲಿ ಮೊದಲ ಸಲ ವೋಟ್ ಹಾಕಿದ್ದು, ಹಾಕಿದ್ದು ನಿಮಗೇ. ಆ ವರ್ಷವೆಲ್ಲ ಕಾರಿನಲ್ಲಿ ರೇಡಿಯೋ ಹಾಕಿದರೆ ಸಾಕು, ಯಾರೋ ಒಬ್ಬರು ಹುಸೇನ್ ಅನ್ನೋ ನಿಮ್ಮ ನಡು ಹೆಸರನ್ನ ಒತ್ತಿ ಒತ್ತಿ, ಬೈಗುಳದ ಥರ ಹೇಳ್ತಿದ್ದರು. ಮಿನ್ನೆಸೋಟದ ಸಭೆಯಲ್ಲಿ ಒಬ್ಬ ಹೆಂಗಸು ನಿಮ್ಮ ಎದುರಾಳಿ ಮೆಕೇನ್ ಕೈಯಿಂದ ಮೈಕ್ ಇಸಿದುಕೊಂಡು, ಒಬಾಮ ಅರಬ್ಬನಂತೆ, ನನಗೆ ನಂಬಿಕೆಯಿಲ್ಲ ಅಂದರು. ಮೆಕೇನ್ ತಲೆ ಅಲ್ಲಾಡಿಸಿ, ಇಲ್ಲಮ್ಮ, ಅವರು ಸಂಸಾರಸ್ಥ, ಒಳ್ಳೆಯ ಮನುಷ್ಯ ಅಂದರು. ಎಲ್ಲರೂ ಅವರ ದೊಡ್ಡತನವನ್ನ ಹೊಗಳಿದರು, ನಾನೂ ಹೊಗಳಿದೆ. ಮನೆಗೆ ಬಂದ ಮೇಲೆ ಹೊಳೆಯಿತು, ಹಾಗಾದರೆ ಅರಬ್ಬರು ಸಂಸಾರಸ್ಥರಲ್ವಾ?

ನಿಮ್ಮ ಕಡೆಯವರೂ ಕಮ್ಮಿಯೇನಿರಲಿಲ್ಲ. ಡೆಟ್ರಾಯ್ಟಿನ ಸಭೆಯಲ್ಲಿ ಹಿಜಾಬ್ ಹಾಕಿಕೊಂಡ ಇಬ್ಬರು ಹೆಣ್ಣುಮಕ್ಕಳನ್ನ ನಿಮ್ಮ ಹಿಂದಿನ ಸಾಲಿನಲ್ಲಿ ಕೂರಿಸಲಿಲ್ಲ, ಕ್ಯಾಮೆರಾದಲ್ಲಿ ಬಂದುಬಿಡುತ್ತಾರಲ್ಲ ಅಂತ. ಆಮೇಲೆ ನೀವೇ ಫೋನ್ ಮಾಡಿ ಕ್ಷಮೆ ಕೇಳಿದಿರಿ, ಅದು ಸರಿ. ಆದರೆ ನೀವು ಮುಸ್ಲಿಮನಾ ಅಂತ ಯಾರಾದರೂ ಕೇಳಿದಾಗೆಲ್ಲ ಬಂದ ಉತ್ತರ ಒಂದೇ: ಅಲ್ಲ, ನಾನು ಕ್ರೈಸ್ತ. ನಿಜವೇ ಅಲ್ವಾ, ನಿಜ ಹೇಳೋದರಲ್ಲಿ ತಪ್ಪೇನೂ ಇಲ್ಲ. ಅದರ ಮುಂದಿನ ಮಾತನ್ನ ಹೇಳಿದ್ದು ಕಾಲಿನ್ ಪವೆಲ್. ರಿಪಬ್ಲಿಕನ್ ಪಕ್ಷದವರು, ಬುಷ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದವರು. ಚುನಾವಣೆಗೆ ಎರಡು ವಾರ ಇದ್ದಾಗ ಟಿವಿಯಲ್ಲಿ ಕೂತು, ಅವರು ಮುಸ್ಲಿಮರಲ್ಲ ಅನ್ನೋದು ಸರಿಯಾದ ಉತ್ತರ, ಆದರೆ ಆಗಿದ್ದರೆ ಏನೀಗ, ಈ ದೇಶದಲ್ಲಿ ಮುಸ್ಲಿಮನಾಗೋದು ತಪ್ಪಾ ಅಂತ ಕೇಳಿಬಿಟ್ಟರು. ನಮ್ಮ ನ್ಯೂಜೆರ್ಸಿಯ ಒಬ್ಬ ಹುಡುಗನ ಮಾತು ತೆಗೆದರು. ಇಪ್ಪತ್ತು ವರ್ಷದ ಸೈನಿಕ, ಇರಾಕಿನಲ್ಲಿ ಸತ್ತವನು. ಆರ್ಲಿಂಗ್ಟನ್ನಿನ ಸೈನಿಕರ ಸ್ಮಶಾನದಲ್ಲಿ ಅವನ ಸಮಾಧಿಯ ಕಲ್ಲಿಗೆ ತಲೆಯಿಟ್ಟು ಕೂತ ತಾಯಿಯ ಫೋಟೋ ನೋಡಿದೆ, ಕಲ್ಲಿನ ಮೇಲೆ ಶಿಲುಬೆ ಇರಲಿಲ್ಲ, ಅರ್ಧಚಂದ್ರ ಇತ್ತು ಅಂದರು. ನಾನು ಸೋಫಾದಲ್ಲಿ ಎದ್ದು ಕೂತೆ. ಇದನ್ನ ನೀವೇ ಹೇಳಬೇಕಿತ್ತು ಅನಿಸಿತು. ಪಾಪ, ಹೇಳಿದ್ದರೆ ಸೋಲುತ್ತಿದ್ದಿರೇನೋ ಅಂತಲೂ ಅನಿಸಿತು.

ಗೆದ್ದಿರಿ. 2009ರ ಜನವರಿ 20ರಂದು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಟಿವಿ ಮುಂದೆ ನಿಲ್ಲೋಕೂ ಜಾಗ ಇರಲಿಲ್ಲ. ನೀವು ಪ್ರಮಾಣವಚನದಲ್ಲಿ ಹೆಸರನ್ನ ಪೂರ್ತಿ ಹೇಳಿದಿರಿ, ಬರಾಕ್ ಹುಸೇನ್ ಒಬಾಮ ಅಂತ. ಮುಖ್ಯ ನ್ಯಾಯಮೂರ್ತಿಗಳು ಶಬ್ದ ಹಿಂದೆ ಮುಂದೆ ಮಾಡಿದ್ದಕ್ಕೆ ಮರುದಿನ ಇನ್ನೊಂದು ಸಲ ಪ್ರಮಾಣ ಮಾಡಬೇಕಾಯಿತಲ್ಲ, ಹಾಗಾಗಿ ಎರಡು ದಿನದಲ್ಲಿ ಎರಡು ಸಲ ಆ ಹೆಸರು ಹೇಳಿದ ಹಾಗಾಯಿತು! ಮೊದಲನೇ ಸಲ ಹೇಳಿದ ತಕ್ಷಣ ನನ್ನ ಫೋನ್ ಬಡಿದುಕೊಂಡಿತು. ಇಲ್ಲೇ ಪಕ್ಕದ ಊರಿನಲ್ಲಿರೋ ಕಲಬುರಗಿಯ ಗೆಳೆಯ. ಅವನಿಗೆ ಖುಷಿಯಾದರೆ ಊರಿನ ಮಾತೇ ಬರೋದು. "ಕೇಳಿದ್ಯಾ? ಹುಸೇನ್ ಅಂದಾನಲ್ಲೋ!"

ಅವನ ಮಗನ ಹೆಸರಿನ ನಡುವೆಯೂ ಹುಸೇನ್ ಇದೆ. 2001ರ ಸೆಪ್ಟೆಂಬರ್ ದಾಳಿ ಆದ ಮೇಲೆ ಮನೆಯಲ್ಲೇ ಮಾತಾಡಿಕೊಂಡು, ಶಾಲೆಯಲ್ಲಿ ಬರೀ 'ಎಚ್' ಅಂತ ಬರೆಸಿದ್ದರು. ಹುಡುಗನನ್ನ ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ, ಸುಮ್ನೆ ಯಾಕೆ ರಿಸ್ಕ್ ಅಂತ ಅಷ್ಟೇ. ನಿಮ್ಮ ಪ್ರಮಾಣವಚನ ಆದ ವಾರ ಅವನು ತನ್ನ ನೋಟ್‌ಬುಕ್ಕುಗಳ ಮೇಲೆಲ್ಲ ಹೆಸರನ್ನ ಪೂರ್ತಿ ಬರೆದುಕೊಂಡ. ನೀವು ಏನೇನು ಕಾನೂನು ಮಾಡಿದಿರೋ, ಎಷ್ಟು ಕೋಟಿ ಡಾಲರ್ ಖರ್ಚು ಮಾಡಿದಿರೋ, ನನಗೆ ನಿಮ್ಮ ಪ್ರಚಾರದ ಆ 'ಹೋಪ್' (ಭರವಸೆ) ಅಂದರೆ ಈಗಲೂ ನೆನಪಾಗೋದು ಆ ನೋಟ್‌ಬುಕ್ಕುಗಳೇ.

ಆಮೇಲಿನ ಆರು ತಿಂಗಳು ಕಣ್ಣಿಗೆ ಹಬ್ಬ. ಅಧ್ಯಕ್ಷರಾದ ಮೇಲೆ ಮೊದಲ ಟಿವಿ ಸಂದರ್ಶನ ಕೊಟ್ಟಿದ್ದು ಅರಬ್ ಚಾನೆಲ್ ಅಲ್ ಅರೇಬಿಯಾಕ್ಕೆ. ನೌರೋಜ್ ಹಬ್ಬಕ್ಕೆ ಇರಾನಿನ ಜನರಿಗೆ ಶುಭಾಶಯ. ಏಪ್ರಿಲ್‌ನಲ್ಲಿ ಟರ್ಕಿಯ ಸಂಸತ್ತಿನಲ್ಲಿ ನಿಂತು, ಅಮೆರಿಕ ಇಸ್ಲಾಮಿನ ಜೊತೆ ಯುದ್ಧದಲ್ಲಿಲ್ಲ, ಎಂದೂ ಇರಲ್ಲ ಅಂದಿರಿ, ಮರುದಿನ ಇಸ್ತಾನ್‌ಬುಲ್‌ನ ನೀಲಿ ಮಸೀದಿಯಲ್ಲಿ ಬರೀ ಸಾಕ್ಸಿನಲ್ಲಿ ನಡೆದಾಡಿದಿರಿ. ಜೂನ್ 4ಕ್ಕೆ ಕೈರೋ. ನಮಗಿಲ್ಲಿ ಬೆಳಿಗ್ಗೆ ಆರು ದಾಟಿತ್ತು, ಚಹಾ ಲೋಟ ಹಿಡಿದು ಸುಮಾರು 55 ನಿಮಿಷ ಕದಲದೆ ಕೇಳಿದೆ. ನೀವು ಅಸ್ಸಲಾಮು ಅಲೈಕುಂ ಅಂದಾಗ ಕೈರೋ ವಿಶ್ವವಿದ್ಯಾಲಯದ ಆ ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಜಕಾರ್ತದಲ್ಲಿ ಹುಡುಗನಾಗಿದ್ದಾಗ ಕೇಳಿದ ಆಜಾನ್, ಅಮೆರಿಕವನ್ನ ಮೊದಲು ಒಪ್ಪಿಕೊಂಡ ದೇಶ ಮೊರಾಕ್ಕೊ ಅನ್ನೋದು, ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಮುಸ್ಲಿಮ್ ಕೀತ್ ಎಲಿಸನ್ ಹಿಂದಿನ ಅಧ್ಯಕ್ಷ ಜೆಫರ್ಸನ್ನರ ಕುರಾನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದು, ಎಲ್ಲ ಹೇಳಿದಿರಿ. ಅಮೆರಿಕದಲ್ಲಿ 1,200ಕ್ಕೂ ಜಾಸ್ತಿ ಮಸೀದಿಗಳಿವೆ ಅಂತಲೂ ಹೇಳಿದಿರಿ.

ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ. ಆ 1,200ರಲ್ಲಿ ಒಂದಕ್ಕಾದರೂ ಅಧ್ಯಕ್ಷರಾಗಿ ನೀವು ಇವತ್ತಿನವರೆಗೆ ಹೋಗಿದ್ದೀರಾ?

ಇಸ್ತಾನ್‌ಬುಲ್‌ನಲ್ಲಿ ಹೋದಿರಿ. ಕೈರೋದಲ್ಲಿ ಭಾಷಣದ ದಿನವೇ ಸುಲ್ತಾನ್ ಹಸನ್ ಮಸೀದಿ ನೋಡಿದಿರಿ. ವೈಟ್ ಹೌಸಿನಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ವಾಷಿಂಗ್ಟನ್ನಿನ ಇಸ್ಲಾಮಿಕ್ ಸೆಂಟರ್ ಇದೆ. ಅಲ್ಲಿಗೆ ಜಾರ್ಜ್ ಬುಷ್ 2001ರ ಸೆಪ್ಟೆಂಬರ್ 17ರಂದು ಹೋಗಿದ್ದರು, ದಾಳಿಯಾಗಿ ಆರೇ ದಿನಕ್ಕೆ, ಇಡೀ ದೇಶದ ರಕ್ತ ಕುದಿಯುತ್ತಿದ್ದಾಗ, ಶೂ ಬಿಚ್ಚಿಟ್ಟು. ಅದೇ ಬುಷ್ ಆಮೇಲೆ ಇರಾಕಿಗೆ ಸೈನ್ಯ ನುಗ್ಗಿಸಿದರು, ಕ್ಯೂಬಾದ ಗ್ವಾಂಟಾನಾಮೊ ಜೈಲು ತೆರೆದರು. ಮಸೀದಿಗೆ ಹೋದ ಮಾತ್ರಕ್ಕೆ ಏನೂ ಆಗಲ್ಲ ಅಂತ ನೀವು ಹೇಳಬಹುದು, ಒಪ್ಪುತ್ತೇನೆ. ಆದರೆ ಹುಸೇನ್ ಅನ್ನೋ ಹೆಸರಿಲ್ಲದ ಬುಷ್‌ಗೆ ಇದ್ದ ಧೈರ್ಯ ನಿಮಗೆ ಯಾಕಿಲ್ಲ ಅಂತ ಕೇಳಿದರೆ, ಆ ಹೆಸರೇ ಕಾರಣ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

ಹೊರಗಿನ ವಿಷಯಗಳನ್ನ ಬೇಗ ಹೇಳಿಬಿಡುತ್ತೇನೆ, ಅವೆಲ್ಲ ನಿಮ್ಮೊಬ್ಬರ ಕೈಯಲ್ಲಿಲ್ಲ. ಗ್ವಾಂಟಾನಾಮೊವನ್ನ ಒಂದು ವರ್ಷದಲ್ಲಿ ಮುಚ್ಚುತ್ತೇನೆ ಅಂತ ಎರಡನೇ ದಿನವೇ ಸಹಿ ಹಾಕಿದಿರಿ. ದುಡ್ಡು ಕೊಡಲ್ಲ ಅಂತ ಸೆನೆಟ್ 90-6 ವೋಟಿನಲ್ಲಿ ಹೇಳಿತು, ನಿಮ್ಮದೇ ಪಕ್ಷದವರೂ ಸೇರಿ. ಅಲ್ಲಿ ಇನ್ನೂ 170ಕ್ಕಿಂತ ಹೆಚ್ಚು ಜನ ಇದ್ದಾರೆ. ಇರಾಕಿನಲ್ಲಿ ಯುದ್ಧ ಕಾರ್ಯಾಚರಣೆ ಆಗಸ್ಟ್ ಕೊನೆಗೆ ನಿಲ್ಲಿಸಿದಿರಿ, ಕೊಟ್ಟ ಮಾತು ಉಳಿಸಿಕೊಂಡಿರಿ. ಆದರೆ ಅಫ್ಘಾನಿಸ್ತಾನಕ್ಕೆ 30,000 ಸೈನಿಕರನ್ನ ಹೆಚ್ಚಿಗೆ ಕಳಿಸ್ತೀನಿ ಅಂತ ಹೇಳಿದ ಒಂಬತ್ತೇ ದಿನಕ್ಕೆ ಆಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತಗೊಂಡಿರಿ. ಅದನ್ನ ನೋಡುವಾಗ ನನಗೇ ಮುಜುಗರ ಆಯಿತು. ಪಾಕಿಸ್ತಾನದ ಗಡಿ ಹಳ್ಳಿಗಳ ಮೇಲೆ ಡ್ರೋನ್ ದಾಳಿ ಬುಷ್ ಕಾಲಕ್ಕಿಂತ ಜಾಸ್ತಿಯಾಗಿದೆ. ಇಸ್ರೇಲಿನವರು ವಸಾಹತು ಕಟ್ಟೋದನ್ನ ಹತ್ತು ತಿಂಗಳು ನಿಲ್ಲಿಸಿದ್ದರು, ಹೋದ ತಿಂಗಳು ಅದೂ ಮುಗಿಯಿತು. ಪ್ಯೂ ಸಂಸ್ಥೆಯ ಸಮೀಕ್ಷೆ ನೋಡಿ: ಇಂಡೋನೇಷ್ಯಾದಲ್ಲಿ ಅಮೆರಿಕವನ್ನ ಮೆಚ್ಚೋರು 2008ರಲ್ಲಿ ಶೇ. 37, ನೀವು ಬಂದ ವರ್ಷ ಶೇ. 63. ಈಜಿಪ್ಟಿನಲ್ಲಿ, ನೀವು ಸಲಾಂ ಹೇಳಿ ಬಂದ ಆ ಈಜಿಪ್ಟಿನಲ್ಲೇ, ಹೋದ ವರ್ಷ ಶೇ. 27 ಇದ್ದದ್ದು ಈ ವರ್ಷ ಶೇ. 17ಕ್ಕೆ ಇಳಿದಿದೆ. ಭಾಷಣ ಚೆನ್ನಾಗಿತ್ತು, ಅವರು ಅದರ ಮುಂದಿನ ಭಾಗಕ್ಕೆ ಕಾಯುತ್ತಿದ್ದಾರೆ.

ನಿಮ್ಮ ಕೈಯಲ್ಲೇ ಇದ್ದದ್ದು ಈ ಬೇಸಿಗೆಯ ಮಾತು. ನ್ಯೂಯಾರ್ಕಿನಲ್ಲಿ ಬಿದ್ದ ಕಟ್ಟಡಗಳ ಜಾಗದಿಂದ ಎರಡು ಬೀದಿ ಆಚೆ ಒಂದು ಇಸ್ಲಾಮಿಕ್ ಕೇಂದ್ರ ಕಟ್ಟುತ್ತೇವೆ ಅಂದಿದ್ದಕ್ಕೆ ದೇಶವೆಲ್ಲ ಎದ್ದು ಕುಣಿಯಿತು. ಮೇಯರ್ ಬ್ಲೂಮ್‌ಬರ್ಗ್ ನೇರವಾಗಿ, ಕಟ್ಟಲಿ, ಅದು ಅವರ ಹಕ್ಕು ಅಂದರು, ಅಂದಿದ್ದನ್ನ ಹಿಂದಕ್ಕೆ ತಗೊಳ್ಳಲಿಲ್ಲ. ನೀವು ಆಗಸ್ಟ್ 13ರಂದು ವೈಟ್ ಹೌಸಿನ ಇಫ್ತಾರ್‌ನಲ್ಲಿ ಅದೇ ಮಾತನ್ನ ಇನ್ನೂ ಚೆನ್ನಾಗಿ ಹೇಳಿದಿರಿ. ನನ್ನ ಗೆಳೆಯ ಫೋನ್ ಮಾಡಿ ಅತ್ತೇಬಿಟ್ಟ. ಮರುದಿನ ಫ್ಲಾರಿಡಾದಲ್ಲಿ ಪತ್ರಕರ್ತರು ಕೇಳಿದಾಗ, ಹಕ್ಕಿನ ಬಗ್ಗೆ ಹೇಳಿದೆ ಅಷ್ಟೇ, ಅಲ್ಲಿ ಕಟ್ಟೋದು ಒಳ್ಳೆಯ ತೀರ್ಮಾನವಾ ಅಲ್ವಾ ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ ಅಂದಿರಿ. ಅವತ್ತು ಅವನು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ, ಏನಂತ ಮಾಡೋದು?

ಅದೇ ವಾರದ ಇನ್ನೊಂದು ಪ್ಯೂ ಸಮೀಕ್ಷೆ, ನಿಮ್ಮನ್ನ ಮುಸ್ಲಿಮ್ ಅಂತ ನಂಬೋ ಅಮೆರಿಕನ್ನರು ಶೇ. 18. ಹೋದ ವರ್ಷ ಮಾರ್ಚಿನಲ್ಲಿ ಶೇ. 11 ಇದ್ದರು. ನಿಮ್ಮ ವಕ್ತಾರರು, ಅಧ್ಯಕ್ಷರು ಕ್ರೈಸ್ತರು, ದಿನಾ ಪ್ರಾರ್ಥನೆ ಮಾಡ್ತಾರೆ ಅಂದರು. ನೀವು ಎಷ್ಟು ಹಿಂದೆ ಸರಿದರೂ ಆ ಸಂಖ್ಯೆ ಏರುತ್ತಲೇ ಇದೆ ಅಂದಮೇಲೆ ಹಿಂದೆ ಸರಿಯೋದರಿಂದ ಲಾಭ ಏನು? ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಆ ಪಾದ್ರಿ ಕುರಾನ್ ಸುಡ್ತೀನಿ ಅಂತ ಕೂತಾಗ ನೀವು ಪತ್ರಿಕಾಗೋಷ್ಠಿಯಲ್ಲಿ, ಈ ದೇಶದ ಮುಸ್ಲಿಮರು ನಮ್ಮ ನೆರೆಯವರು, ಸ್ನೇಹಿತರು, ಜೊತೆಗೆ ಕೆಲಸ ಮಾಡೋರು ಅಂತ ಗಟ್ಟಿಯಾಗಿಯೇ ಹೇಳಿದಿರಿ. ಹಾಗೆ ಮಾತಾಡೋಕೆ ನಿಮಗೆ ಬರುತ್ತೆ. ಬರುತ್ತೆ ಅಂತ ಗೊತ್ತಿರೋದಕ್ಕೇ ಸಿಟ್ಟು ಜಾಸ್ತಿ.

ಈಗ ಮುಂದಿನ ವಾರ ಭಾರತಕ್ಕೆ ಹೊರಟಿದ್ದೀರಿ. ಬೆಂಗಳೂರಿಗೆ ಬರಲ್ಲ, ಅದು ಬಿಡಿ, ಹೋದ ವರ್ಷ ತೆರಿಗೆ ಬಗ್ಗೆ ಮಾತಾಡುತ್ತ ನಮ್ಮ ಬೆಂಗಳೂರಿನಲ್ಲಿ ಕೆಲಸ ಕೊಟ್ಟರೆ ಕಮ್ಮಿ ತೆರಿಗೆ, ಇಲ್ಲಿನ ಬಫಲೋ ಊರಿನಲ್ಲಿ ಕೊಟ್ಟರೆ ಜಾಸ್ತಿ ಅಂತ ದೂರಿದ್ದಿರಲ್ಲ, ಬಂದರೆ ಜನ ಅದನ್ನೇ ಕೇಳುತ್ತಾರೆ! ನನಗೆ ಚುಚ್ಚಿದ್ದು ಅಮೃತಸರದ ಸುದ್ದಿ. ಸ್ವರ್ಣಮಂದಿರಕ್ಕೆ ಹೋಗೋ ಯೋಚನೆ ಇತ್ತಂತೆ, ಕೈಬಿಟ್ಟರಂತೆ. ತಲೆಗೆ ಬಟ್ಟೆ ಕಟ್ಟಿಕೊಂಡ ಫೋಟೋ ಬಂದರೆ ಇಲ್ಲಿನ ಜನ ಮುಸ್ಲಿಮ್ ಅಂದುಕೊಳ್ಳುತ್ತಾರೆ ಅನ್ನೋ ಹೆದರಿಕೆ ಅಂತ ಪತ್ರಿಕೆಗಳಲ್ಲಿ ಬಂತು. ನಿಮ್ಮ ಕಚೇರಿಯವರು ಕಾರಣ ಅದಲ್ಲ ಅಂದಿದ್ದಾರೆ, ಇರಬಹುದು, ಅಧ್ಯಕ್ಷರ ಪ್ರವಾಸಕ್ಕೆ ನೂರೆಂಟು ತೊಡಕು. ಆದರೆ ಸುದ್ದಿ ಓದಿದ ಒಬ್ಬರೂ, ಛೇ, ಹಾಗಿರಲಿಕ್ಕಿಲ್ಲ ಅನ್ನಲಿಲ್ಲ ನೋಡಿ. ನಾನು ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕವಿಲ್ಲ, ಪ್ರತಿ ಸಲ ಕರ್ಚೀಫನ್ನ ನಾಲ್ಕು ಮೂಲೆ ಗಂಟು ಹಾಕಿ ತಲೆಗೆ ಸಿಕ್ಕಿಸಿಕೊಂಡು ಒಳಗೆ ಹೋಗೋದು, ಹೊರಗೆ ಬಂದು ಅದೇ ಕರ್ಚೀಫಿನಲ್ಲಿ ಬೆವರು ಒರೆಸಿಕೊಳ್ಳೋದು. ಸಣ್ಣಜ್ಜನಂತೂ ಅಲಾಯಿ ದೇವರು ಕುಣಿದು ಬರುವಾಗ ರುಮಾಲಿನ ತಲೆಯನ್ನೇ ನೆಲಕ್ಕೆ ಹಚ್ಚುತ್ತಿದ್ದ, ವಿಭೂತಿ ಹಾಗೇ ಇರುತ್ತಿತ್ತು.

ಭಾರತ ಆದ ಮೇಲೆ ಇಂಡೋನೇಷ್ಯಾ ಅಂತ ಕೇಳಿದೆ. ಎರಡು ಸಲ ಮುಂದಕ್ಕೆ ಹಾಕಿದ ಪ್ರವಾಸ, ನೀವು ಹುಡುಗನಾಗಿ ಆಡಿದ ಊರು. ಹೋಗಿ ಬನ್ನಿ. ಅಲ್ಲಿ ಒಳ್ಳೆಯ ಭಾಷಣ ಮಾಡ್ತೀರಿ, ನಾನೂ ನಸುಕಿನಲ್ಲಿ ಎದ್ದು ಕೇಳ್ತೀನಿ. ಬಂದ ಮೇಲೆ ಒಂದು ಶುಕ್ರವಾರ ಇಲ್ಲಿನ ಯಾವುದಾದರೂ ಸಾದಾ ಮಸೀದಿಗೆ ಬನ್ನಿ. ನಮ್ಮ ಕಡೆ ಹಳೇ ಗೋಡೌನನ್ನ ಮಸೀದಿ ಮಾಡಿಕೊಂಡಿದ್ದಾರೆ, ಪಾರ್ಕಿಂಗ್ ಸಿಗಲ್ಲ, ಆದರೆ ನಿಮಗೆ ಸಿಗುತ್ತೆ. ಭಾಷಣ ಬೇಡ. ಶೂ ಬಿಚ್ಚಿ ಹತ್ತು ನಿಮಿಷ ಕೂತು, ಹೊರಗೆ ಬಂದಾಗ ಯಾರಾದರೂ ಮೈಕ್ ಹಿಡಿದು ನೀವು ಮುಸ್ಲಿಮನಾ ಅಂತ ಕೇಳಿದರೆ, ಪವೆಲ್ ಹೇಳಿದ ಆ ಎರಡನೇ ಮಾತನ್ನ ನೀವೇ ಹೇಳಿ. ಅಲ್ಲ, ಆಗಿದ್ದರೆ ಏನೀಗ ಅಂತ.

ನವೆಂಬರ್ 2ರ ಸಂಸತ್ ಚುನಾವಣೆಗೆ ವೋಟ್ ಹಾಕ್ತೀನಿ, ನಿಮ್ಮ ಪಕ್ಷಕ್ಕೇ. 2008ರಲ್ಲಿ ನಾಲ್ಕು ಮನೆಯವರನ್ನ ನನ್ನ ಕಾರಿನಲ್ಲಿ ಮತಗಟ್ಟೆಗೆ ಕರೆದುಕೊಂಡು ಹೋಗಿದ್ದೆ. ಈ ಸಲ ಒಬ್ಬನೇ ಹೋಗ್ತೀನಿ. ನನ್ನ ಗೆಳೆಯ ಇನ್ನೂ ನೋಡೋಣ ಅಂತಿದ್ದಾನೆ.

ಇಂತಿ,
ಹುಸೇನಪ್ಪನ ಅಣ್ಣನ ಮೊಮ್ಮಗ

ಮರೆತಿದ್ದೆ: ಅಮೃತಸರಕ್ಕೆ ಹೋಗೋ ಮನಸ್ಸು ಮತ್ತೆ ಬಂದರೆ ತಲೆಗೆ ಕಟ್ಟೋ ಬಟ್ಟೆ ಬಾಗಿಲಲ್ಲೇ ಕೊಡ್ತಾರೆ. ದುಡ್ಡು ಕೊಡಬೇಕಾಗಿಲ್ಲ.