ಲಿಂಡನ್ ಮರಗಳ ವಯಸ್ಸು ಕೇಳಿದ್ದಿರಲ್ಲ, ಅಪ್ಪ

ಬರ್ಲಿನ್, ಜೂನ್

ಅಪ್ಪನಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಅಮ್ಮನಿಗೂ ಇದನ್ನು ಓದಿ ಹೇಳಿ.

ಇಲ್ಲಿನ ಉಂಟರ್ ಡೆನ್ ಲಿಂಡನ್ (ಅಂದರೆ ‘ಲಿಂಡನ್ ಮರಗಳ ಕೆಳಗೆ’) ಬೀದಿಯ ಫೋಟೋ ನೋಡಿ ನೀವು ಕೇಳಿದ್ದು ಒಂದೇ: ಆ ಮರಗಳಿಗೆ ವಯಸ್ಸೆಷ್ಟು? ಕಾಫಿ ತೋಟದವರು ಇನ್ನೇನು ಕೇಳುತ್ತಾರೆ! ಬೀದಿ ಹಳೆಯದು, ಮರಗಳು ಅಲ್ಲ. ಈಗಿರುವುದೆಲ್ಲ ಎರಡನೇ ಮಹಾಯುದ್ಧ ಮುಗಿದ ಮೇಲೆ ನೆಟ್ಟವು.

1573ರಲ್ಲಿ ಇದು ದೊರೆ ಅರಮನೆಯಿಂದ ಬೇಟೆ ಕಾಡಿಗೆ ಹೋಗುತ್ತಿದ್ದ ಕುದುರೆ ದಾರಿ. 1647ರಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ಎಂಬ ದೊರೆ ಆರು ಸಾಲಿನಲ್ಲಿ ಸಾವಿರ ಲಿಂಡನ್, ಸಾವಿರ ಅಕ್ರೋಟು ಗಿಡ ನೆಡಿಸಿದ. ಅಕ್ರೋಟು ಉಳಿಯಲಿಲ್ಲ. ಈಗ ನಾಲ್ಕು ಸಾಲು, ನಡುವೆ ಓಡಾಡುವುದಕ್ಕೆ ಅಗಲವಾದ ಜಾಗ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಪಶ್ಚಿಮದ ತುದಿಗೆ 1791ರಲ್ಲಿ ಮುಗಿದ ಬ್ರಾಂಡೆನ್‌ಬರ್ಗ್ ಗೇಟ್. ಹುಂಬೋಲ್ಟ್ ವಿಶ್ವವಿದ್ಯಾಲಯವೂ ಇದೇ ಬೀದಿಯಲ್ಲಿದೆ.

ಮರದ ಕಥೆ ಕೇಳಿ. 1930ರ ದಶಕದಲ್ಲಿ ನಾಜಿ ಸರ್ಕಾರ ನೆಲದಡಿ ರೈಲಿನ ಸುರಂಗ ತೋಡುವಾಗ ಲಿಂಡನ್‌ಗಳನ್ನು ಕಡಿಸಿತು. ಆ ಜಾಗಕ್ಕೆ ಸಾಲು ಸಾಲು ಕಂಬ, ಬಾವುಟ. ಊರಿನವರು ಇದನ್ನು ದೀಪದ ಕಂಬದ ಬೀದಿ ಎಂದು ಗೇಲಿ ಮಾಡಿದರಂತೆ. ಹಿಟ್ಲರನ ಕಾಲದಲ್ಲಿ ಬಾಯಿ ಬಿಡುವುದೇ ಕಷ್ಟ, ಆದರೂ ಮರದ ವಿಷಯಕ್ಕೆ ಜನ ಸುಮ್ನಿರಲಿಲ್ಲ ನೋಡಿ. ಮತ್ತೆ ಗಿಡ ನೆಡಬೇಕಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಉಳಿದದ್ದೂ ಸೌದೆಯಾಗಿ ಹೋಯಿತು. 1961ರಿಂದ 1989ರವರೆಗೆ ಗೇಟಿನ ಆಚೆಗೇ ಬರ್ಲಿನ್ ಗೋಡೆ. ಬೀದಿ ಅಲ್ಲಿಗೇ ನಿಂತುಹೋಗಿತ್ತು. ಈಚೆಗೆ ಮೆಟ್ರೋ ಕೆಲಸಕ್ಕೂ ಕೆಲವು ಮರ ಹೋದವು. ನಿಲ್ದಾಣ 2020ರಲ್ಲಿ ಶುರುವಾಯಿತು.

ಈಗ ಹೂ ಬಿಡುವ ಕಾಲ. ಘಮ ಅಂದರೆ ಘಮ, ಜೇನುನೊಣವೂ ಜಾಸ್ತಿ. ಆದರೆ ಮರದ ಕೆಳಗಿನ ಬೆಂಚೆಲ್ಲ ಅಂಟಂಟು. ಕಾಫಿಗೆ ತಿಗಣೆ ಬಿದ್ದಾಗ ಎಲೆ ಅಂಟಾಗುತ್ತಲ್ಲ, ಹಾಗೇ ಇಲ್ಲಿ ಲಿಂಡನ್ ಎಲೆಯ ಹೇನಿನಿಂದ. ನಿಜ ಹೇಳಬೇಕೆಂದರೆ, ನೆರಳಿನ ವಿಷಯಕ್ಕೆ ನಮ್ಮ ಗೋಣಿ ಮರದ ಮುಂದೆ ಇವು ಏನೂ ಅಲ್ಲ. ಆದರೂ ಕಡಿದ ಜಾಗದಲ್ಲೇ ಮತ್ತೆ ಮತ್ತೆ ನೆಟ್ಟ ಹಟ ಇದೆಯಲ್ಲ, ಅದು ನನಗೆ ಇಷ್ಟವಾಯಿತು.

ತೋಟದ ನೆರಳು ಮರಗಳ ಕೊಂಬೆ ಸವರುವ ಮರಗಸಿ ಮುಗಿಯಿತಾ? ಚಿಕ್ಕಮಗಳೂರಿಗೆ ಹೋಗುವ ದಾರಿಯ ಮರಗಳಿಗೆ ಕಡಿಯುವುದಕ್ಕೆ ನಂಬರ್ ಬರೆದಿದ್ದಾರೆ ಅಂದಿದ್ದಿರಿ. ನೀವು ಕೊಟ್ಟ ಅರ್ಜಿಗೆ ಉತ್ತರ ಬಂತಾ? ಬಂದಿದ್ದರೆ ಫೋಟೋ ತೆಗೆದು ಕಳಿಸಿ.

ನಿಮ್ಮ ಮಗಳು