ಟರ್ನ್‌ಟೇಬಲ್ ಕೊಳ್ಳುವ ಮೊದಲು ಟ್ರಂಕಿನಲ್ಲಿರುವುದನ್ನು ನೋಡು

ಶಿರಸಿ,
ರವಿವಾರ

ಆತ್ಮೀಯ ಗೆಳೆಯಾ,

ನಾವೆಲ್ಲ ಕ್ಷೇಮ. ಕಾರವಾರದಲ್ಲಿ ನೀವೂ ಕ್ಷೇಮವೆಂದು ಭಾವಿಸಿದ್ದೇನೆ. ನಿನ್ನ ತಂದೆಯವರ ಟ್ರಂಕಿನಲ್ಲಿ ನಲವತ್ತಕ್ಕೂ ಹೆಚ್ಚು ಗ್ರಾಮಫೋನ್ ಪ್ಲೇಟುಗಳು ಸಿಕ್ಕಿವೆಯೆಂದೂ, ಅವನ್ನು ಕೇಳಲು ಯಾವ ಟರ್ನ್‌ಟೇಬಲ್ (ಪ್ಲೇಟು ತಿರುಗಿಸಿ ನುಡಿಸುವ ಯಂತ್ರ) ಒಳ್ಳೆಯದೆಂದೂ ಬರೆದಿದ್ದೀಯೆ. ಯಂತ್ರದ ಮಾತಿಗೆ ಬರುವ ಮೊದಲು ನೀನು ಒಂದು ಕೆಲಸ ಮಾಡಬೇಕು. ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದು, ನಿಮಿಷಕ್ಕೆ 33⅓, 45, 78 ಸುತ್ತು ಎಂದು ವೇಗದ ಪ್ರಕಾರ ಮೂರು ಗುಂಪು ಮಾಡು. ಲೇಬಲ್ಲಿನ ಅಕ್ಷರ ಅಳಿಸಿಹೋಗಿದ್ದರೂ ಕೈಗೆ ತಿಳಿಯುತ್ತದೆ: 1948ರಿಂದ ಬಂದ ಎಲ್‌ಪಿ, ಅಂದರೆ 33⅓ರ ದೊಡ್ಡ ಪ್ಲೇಟು, ವಿನೈಲ್ ಎಂಬ ಪ್ಲಾಸ್ಟಿಕ್‌ನದಾದ್ದರಿಂದ ತುಸು ಬಾಗುತ್ತದೆ, 78ರದು ಹೆಚ್ಚಾಗಿ ಅರಗಿನಿಂದ ಮಾಡಿದ್ದಾದ್ದರಿಂದ ಗಡುಸಾಗಿದ್ದು ಕೈತಪ್ಪಿದರೆ ಹಂಚಿನಂತೆ ಒಡೆಯುತ್ತದೆ.

ಈ ವಿಂಗಡಣೆ ಏಕೆಂದರೆ, ಈಗ ಬರುವ ಎಷ್ಟೋ ಯಂತ್ರಗಳಲ್ಲಿ 78ರ ವೇಗವೇ ಇರುವುದಿಲ್ಲ. ಇದ್ದರೂ ಮುಳ್ಳು ಬೇರೆಯೇ ಬೇಕು. 78ರ ಪ್ಲೇಟಿನ ಗೀರು ಎಲ್‌ಪಿಯದಕ್ಕಿಂತ ಬಹಳ ಅಗಲ. ಎಲ್‌ಪಿಯ ಸಣ್ಣ ಮುಳ್ಳು ಅದರ ಗೋಡೆಗಳನ್ನು ಮುಟ್ಟದೆ ತಳಕ್ಕಿಳಿದು, ಅಲ್ಲಿ ಕುಳಿತ ಧೂಳನ್ನೇ ಹಾಡಿಸುತ್ತದೆ. ಗಂಗೂಬಾಯಿ ಹಾನಗಲ್ ಅವರು ಮೂವತ್ತರ ದಶಕದಲ್ಲಿ ಕೊಟ್ಟ ಮೂರು ಮೂರು ನಿಮಿಷದ ಧ್ವನಿಮುದ್ರಣಗಳಂಥವು ಆ ಟ್ರಂಕಿನಲ್ಲಿದ್ದರೆ, ಸರಿಯಾದ ಮುಳ್ಳು ಬರುವವರೆಗೆ ದಯವಿಟ್ಟು ಕಾಯಬೇಕು. ಒರೆಸುವಾಗಲೂ ಜಾಗ್ರತೆ: ವಿನೈಲ್‌ಗೆ ನಡೆಯುವ ಸ್ಪಿರಿಟ್ ಬೆರೆಸಿದ ದ್ರಾವಣ 78ಕ್ಕೆ ನಡೆಯದು. ಬಡಗಿಗಳು ಪಾಲಿಶ್‌ಗಾಗಿ ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲಿಯೇ ಎಂಬುದನ್ನು ನೆನೆದರೆ ಸಾಕು.

ಹೊಸದನ್ನೇ ಕೊಳ್ಳುವುದಾದರೆ, ಮುಳ್ಳನ್ನು ಹೊತ್ತ ತೋಳಿನ, ಅಂದರೆ ಟೋನ್‌ಆರ್ಮಿನ, ಹಿಂತುದಿಯಲ್ಲಿ ತಿರುಗಿಸಬಹುದಾದ ತೂಕದ ಬಿಲ್ಲೆ ಇರುವಂಥದ್ದನ್ನೇ ಕೊಳ್ಳು ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಮೊದಲು ನಾನು ತಂದದ್ದು ಸೂಟ್‌ಕೇಸಿನಂಥ ಒಂದು ಅಗ್ಗದ ಪ್ಲೇಯರ್. ನೋಡಲು ಚಂದವಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಅದರ ಮುಳ್ಳು ಐದಾರು ಗ್ರಾಂ ಭಾರದಲ್ಲಿ ಪ್ಲೇಟನ್ನು ಒತ್ತುತ್ತಿತ್ತು, ಕಡಿಮೆ ಮಾಡುವ ಉಪಾಯವೇ ಇರಲಿಲ್ಲ. ಒಂದೇ ಮಳೆಗಾಲದಲ್ಲಿ ನನ್ನ ಮೆಚ್ಚಿನ ಎಲ್‌ಪಿಯ ತಾರಷಡ್ಜದ ಜಾಗವೆಲ್ಲ ಒಡಕು ದನಿಯಾಯಿತು.

ಈಗಿರುವ ಆಡಿಯೊ ಟೆಕ್ನಿಕಾದ ಎಲ್‌ಪಿ120ಎಕ್ಸ್‌ನಲ್ಲಿ ಆ ಬಿಲ್ಲೆಯಿದೆ. ಮುಳ್ಳಿನ ಮುಚ್ಚಳ ತೆಗೆದು, ಬಿಲ್ಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ, ಆರ್ಮ್ ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ಅಕ್ಕಸಾಲಿಗನ ತಕ್ಕಡಿಯ ದಂಡಿಗೆಯಂತೆ ಗಾಳಿಯಲ್ಲಿ ನಿಲ್ಲುವ ಒಂದು ಗಳಿಗೆ ಬರುತ್ತದೆ. ಅಲ್ಲಿ ಅಂಕಿಯ ಬಳೆಯನ್ನು ಸೊನ್ನೆಗೆ ಹೊಂದಿಸಿ, ಬಿಲ್ಲೆಯನ್ನು 2 ಗ್ರಾಂಗೆ ತಿರುಗಿಸಿದರೆ ಅದರ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಪುಟ್ಟ ಡಬ್ಬಿ) ಸರಿಹೋಗುತ್ತದೆ. ಆ ಯಂತ್ರದಲ್ಲಿ ಮೂರೂ ವೇಗಗಳಿವೆ, ಮತ್ತು ಅದೇ ಕಾರ್ಟ್ರಿಜ್‌ಗೆ ಕೂರುವ 78ರ ಮುಳ್ಳೂ ಪ್ರತ್ಯೇಕವಾಗಿ ಸಿಗುತ್ತದೆ. ಅದೇ ಕಂಪನಿಯ ಎಲ್‌ಪಿ60ಎಕ್ಸ್ ಸಾಕಷ್ಟು ಅಗ್ಗ, ತಾನೇ ಆರ್ಮ್ ಎತ್ತಿ ಇಳಿಸುತ್ತದೆ. ಆದರೆ ಅದರಲ್ಲಿ 78 ಇಲ್ಲ, ತೂಕವನ್ನೂ ಬದಲಿಸಲಾಗದು. ನಿನ್ನ ಮೂರನೆಯ ಗುಂಪು ಖಾಲಿಯಿದ್ದರೆ ಅದೂ ಆದೀತು. ಎರಡರಲ್ಲೂ ಮುಳ್ಳಿನ ಕ್ಷೀಣ ದನಿಯನ್ನು ಹಿಗ್ಗಿಸುವ ಫೋನೊ ಪ್ರಿಆಂಪ್ ಒಳಗೇ ಇರುವುದರಿಂದ ನಿನ್ನ ಹಳೆಯ ಆಂಪ್ಲಿಫೈಯರ್‌ನ ಆಕ್ಸ್ ಕಿಂಡಿಗೆ ನೇರವಾಗಿ ಜೋಡಿಸಬಹುದು.

ಬಂದರಿನ ಕಡೆ ಯಾರೋ ಹೊರದೇಶದಿಂದ ತಂದ ಹಳೆಯ ಯಂತ್ರವನ್ನು ಮಾರುತ್ತಿದ್ದಾರೆ ಎಂದಿದ್ದೀಯಲ್ಲ, ಅದರ ಹಿಂಬದಿಯ ಫಲಕವನ್ನು ಓದದೆ ಮುಂಗಡ ಕೊಡಬೇಡ. ಹಳೆಯ ಕೆಲವು ಮೋಟಾರುಗಳ ವೇಗ ವಿದ್ಯುತ್ತಿನ ಆವರ್ತನಕ್ಕೇ ಕಟ್ಟುಬಿದ್ದಿರುತ್ತದೆ. ಅಮೆರಿಕೆಯ 60 ಹರ್ಟ್ಸ್‌ಗೆಂದು ಮಾಡಿದ ಅಂಥ ಯಂತ್ರ ನಮ್ಮ 50 ಹರ್ಟ್ಸ್‌ನಲ್ಲಿ, ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿಪಡಿಸಿದರೂ, ನಿಮಿಷಕ್ಕೆ 33⅓ರ ಬದಲು 28 ಸುತ್ತನ್ನೂ ಮುಟ್ಟುವುದಿಲ್ಲ. ಗಾಯಕರ ಷಡ್ಜ ಹಾರ್ಮೋನಿಯಂನಲ್ಲಿ ಮೂರು ಮನೆಯಷ್ಟು ಕೆಳಗಿಳಿದರೆ ನೀನು ಏನನ್ನು ಕೇಳುತ್ತೀಯೆ? ಫಲಕ ಸರಿಯಿದ್ದರೆ ಮುಂದೆ ಬೆಲ್ಟನ್ನು ಬೆರಳಿನಿಂದ ಎಳೆದು ನೋಡು, ಜೋತುಬಿದ್ದಿದ್ದರೆ ಅಥವಾ ಅಂಟುತ್ತಿದ್ದರೆ ಹೊಸ ಬೆಲ್ಟಿನ ಬೆಲೆಯನ್ನು ಹಿಡಿದು ಚೌಕಾಸಿ ಮಾಡು.

ಪ್ಲೇಟುಗಳನ್ನು ಈಗಲೇ ಆ ಟ್ರಂಕಿನಿಂದ ಬಿಡಿಸಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡು. ಕಡಲ ದಂಡೆಯ ತೇವಕ್ಕೆ ರಟ್ಟಿನ ಕವಚದಲ್ಲಿ ಬೂಷ್ಟು ಹಿಡಿದರೆ ಅದು ಗೀರಿನೊಳಕ್ಕೂ ಹಬ್ಬುತ್ತದೆ.

ನನ್ನ 78ರ ಮುಳ್ಳನ್ನು ನಿನಗೆ ಕೆಲವು ದಿನ ಕೊಡಬಲ್ಲೆ. ಮುಂದಿನ ತಿಂಗಳು ದೇವಿಮನೆ ಘಟ್ಟ ಇಳಿದು ಕುಮಟೆಯ ಮೇಲೆ ಕಾರವಾರಕ್ಕೆ ಬರುವುದಿದೆ, ಆಗ ತಂದೇನು. ಅಷ್ಟರೊಳಗೆ ಮೂರನೆಯ ಗುಂಪಿನಲ್ಲಿ ಎಷ್ಟು ಪ್ಲೇಟುಗಳಾದವು, ಯಾರು ಯಾರು ಹಾಡಿದ್ದಾರೆ ಎಂಬುದನ್ನು ಬರೆದು ತಿಳಿಸು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ